ಬರಕ್ಕೆ ಕಾರಣವೇನು? ವಾದಕ್ಕಿಳಿಯುವ ಮುನ್ನ ಮಾಡಬೇಕಾದ ಕೆಲಸ

ಜಲಾಶಯದ ತಳ ಕಾಣಿಸಿತೆಂದರೆ ಸಾಕು, ಎಲ್ಲರೂ ಪರಿಣತರೇ. ಹವಾಮಾನ ಬದಲಾವಣೆ ಎಂದು ಒಬ್ಬರು, ಮಳೆ ಹಿಂದೆಯೂ ಕೈಕೊಟ್ಟಿತ್ತು ಬಿಡಿ ಎಂದು ಇನ್ನೊಬ್ಬರು, ಎಲ್ಲವೂ ಆಡಳಿತದ ತಪ್ಪು ಎಂದು ಮತ್ತೊಬ್ಬರು. ಮೂವರ ಮಾತಿನಲ್ಲೂ ಹುರುಳಿರಬಹುದು. ಆದರೆ ಮಳೆ ಏಕೆ ಕಡಿಮೆಯಾಯಿತು ಎಂಬುದು ಒಂದು ಪ್ರಶ್ನೆ, ಇದ್ದ ನೀರು ಏಕೆ ಮುಗಿಯಿತು ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಕಲಸಿಕೊಂಡರೆ ಗದ್ದಲವಷ್ಟೇ ಉಳಿಯುತ್ತದೆ.

1. ಯಾವ ಬರ ಎಂದು ಮೊದಲು ಕೇಳಿ

ಮಳೆ ವಾಡಿಕೆಗಿಂತ ಕಡಿಮೆಯಾದರೆ ಹವಾಮಾನದ ಬರ. ಮಣ್ಣಿನ ತೇವ ಆರಿ ಬೆಳೆ ಬಾಡಿದರೆ ಕೃಷಿ ಬರ. ನದಿ, ಕೆರೆ, ಅಂತರ್ಜಲ ಇಳಿದರೆ ಜಲಬರ. ಇವು ಒಟ್ಟೊಟ್ಟಿಗೆ ಬರಬೇಕೆಂದಿಲ್ಲ. ಮಣ್ಣು ಒಣಗಲು ಕೆಲವು ವಾರ ಸಾಕು, ಅಂತರ್ಜಲ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾಗಬಹುದು. ಹಾಗಾಗಿ "ಈ ಸಲ ಮಳೆ ಚೆನ್ನಾಗಿಯೇ ಬಂತಲ್ಲ" ಎನ್ನುವುದು ಬತ್ತಿದ ಕೊಳವೆಬಾವಿಗೆ ಉತ್ತರವಲ್ಲ.

2. ನೀರಿನ ಜಮಾ-ಖರ್ಚು ಬರೆಯಿರಿ

ಇಲ್ಲಿ ಅವಸರ ಬೇಡ. ಒಂದು ಕಡೆ ಒಳಹರಿವು ಮತ್ತು ನೀರಿನ ಮೇಲೆ ನೇರವಾಗಿ ಬಿದ್ದ ಮಳೆ. ಇನ್ನೊಂದು ಕಡೆ ಕಾಲುವೆಗೆ, ಕುಡಿಯಲು, ಕಾರ್ಖಾನೆಗೆ ಬಿಟ್ಟ ನೀರು, ಇಂಗಿದ್ದು, ಆವಿಯಾದದ್ದು. ಆವಿಯ ಲೆಕ್ಕವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಒಂದು ಚದರ ಮೀಟರಿನಿಂದ 1 ಮಿಲಿಮೀಟರ್ ನೀರು ಹೋದರೆ 1 ಲೀಟರ್ ನಷ್ಟ. 10 ಚದರ ಕಿಲೋಮೀಟರ್ ಹರವಿನ ಜಲಾಶಯದಿಂದ ಬಿಸಿಲುಗಾಲದಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾಯಿತೆನ್ನಿ: ಯಾರೂ ತೂಬು ತೆರೆಯದೆಯೇ ದಿನವೊಂದಕ್ಕೆ 5 ಕೋಟಿ ಲೀಟರ್ ಹೋಯಿತು, ತಿಂಗಳಿಗೆ 150 ಕೋಟಿ.

ಹೂಳನ್ನೂ ನೋಡಿ. ತಳದಲ್ಲಿ ಹೂಳು ತುಂಬಿದ್ದರೆ ನೀರಿನ ಮಟ್ಟ ಹಿಂದಿನಷ್ಟೇ ಇದ್ದರೂ ಸಂಗ್ರಹ ಅಷ್ಟಿರುವುದಿಲ್ಲ. ಮಟ್ಟದ ಅಂಕಿಯನ್ನಷ್ಟೇ ಮುಂದಿಡುವವರ ಬಳಿ ಸಂಗ್ರಹದ ಅಂಕಿಯನ್ನೂ ಕೇಳಿ.

3. "ವಾಡಿಕೆ" ಯಾವ ವರ್ಷಗಳದು?

ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯನ್ನು ವಾಡಿಕೆ ಎನ್ನುತ್ತಾರೆ. ಆ ಅವಧಿಯನ್ನು ತಪ್ಪಾಗಿ ಆರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೊಲರಾಡೊ ನದಿಯೇ ಸಾಕ್ಷಿ. 1922ರಲ್ಲಿ ಏಳು ರಾಜ್ಯಗಳು ಆ ನದಿಯನ್ನು ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದವು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಮಳೆ, ಹಿಮ ಎರಡೂ ಎಂದಿಗಿಂತ ಹೆಚ್ಚಾಗಿದ್ದವು. ಮರಗಳ ಕಾಂಡದ ಉಂಗುರಗಳನ್ನು ಓದಿ ಶತಮಾನಗಳ ಹರಿವನ್ನು ಅಂದಾಜಿಸಿದಾಗ ಈ ಸಂಗತಿ ಬಯಲಾಯಿತು. ನದಿಯಲ್ಲಿ ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿಯಾಗಿತ್ತು. ಮುಂದೆ ಒಣ ವರ್ಷಗಳು ಬಂದು, ಆ ನದಿಯ ದೊಡ್ಡ ಜಲಾಶಯವಾದ ಮೀಡ್ ಸರೋವರದ ಮಟ್ಟ ಕುಸಿದಾಗ ಬರ, ಬಿಸಿ, ಹಳೆಯ ಲೆಕ್ಕ ಮೂರೂ ಸೇರಿಕೊಂಡವು.

4. ಹವಾಮಾನ ಬದಲಾವಣೆಯ ಪಾಲನ್ನು ಅಳೆಯಿರಿ

ಇದನ್ನು ಪೂರ್ತಿ ಅಲ್ಲಗಳೆಯುವುದೂ ಎಲ್ಲಕ್ಕೂ ಇದನ್ನೇ ಹೊಣೆ ಮಾಡುವುದೂ ಸೋಮಾರಿತನವೇ. ಒಂದು ಡಿಗ್ರಿ ಸೆಲ್ಸಿಯಸ್ ತಾಪಮಾನ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದು. ಮಳೆ ಅಷ್ಟೇ ಬಂದರೂ ನೆಲ ಬೇಗ ಒಣಗಲು ಇದೂ ಒಂದು ಕಾರಣ.

ನಿರ್ದಿಷ್ಟ ಬರವೊಂದರಲ್ಲಿ ಹವಾಮಾನ ಬದಲಾವಣೆಯ ಕೈವಾಡ ಎಷ್ಟೆಂದು ಅಂದಾಜಿಸುವ ವಿಧಾನ ಈಗ ಇದೆ: ಭೂಮಿ ಬಿಸಿಯಾಗದೇ ಇದ್ದಿದ್ದರೆ ಇಂಥ ಬರ ಎಷ್ಟು ಅಪರೂಪವಾಗಿರುತ್ತಿತ್ತು ಎಂದು ಕಂಪ್ಯೂಟರ್ ಮಾದರಿಗಳಿಂದ ಲೆಕ್ಕ ಹಾಕುತ್ತಾರೆ. ಫಲಿತಾಂಶ ಎಲ್ಲೆಡೆ ಒಂದೇ ಅಲ್ಲ. 2015ರಿಂದ 2017ರವರೆಗಿನ ಮಳೆಯ ಅಭಾವದಿಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ನಲ್ಲಿಗಳನ್ನೇ ಮುಚ್ಚುವ ಹಂತ ಬಂದಿತ್ತು. 2018ರ ಫೆಬ್ರುವರಿಯಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಹೇರಿದರು. ಅಂಥ ಬರದ ಸಾಧ್ಯತೆಯನ್ನು ಹವಾಮಾನ ಬದಲಾವಣೆ ಸುಮಾರು ಮೂರು ಪಟ್ಟು ಹೆಚ್ಚಿಸಿತ್ತು ಎಂದು ವಿಜ್ಞಾನಿಗಳು ಕಂಡುಕೊಂಡರು. ಆದರೆ 2014-15ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ನೀರಿಗಾಗಿ ಪರದಾಡಿದಾಗ ಇದೇ ಬಗೆಯ ವಿಶ್ಲೇಷಣೆ ಬೇರೆ ಕಡೆ ಬೊಟ್ಟು ಮಾಡಿತು: ಏರಿದ ಜನಸಂಖ್ಯೆ ಮತ್ತು ನೀರಿನ ಬಳಕೆಯೇ ಅಲ್ಲಿ ಮುಖ್ಯವಾಗಿದ್ದವು. ಒಂದು ನಗರದ ಉದಾಹರಣೆ ಕೊಟ್ಟು ಇನ್ನೊಂದರ ತೀರ್ಪು ಬರೆಯಲಾಗದು.

5. ನೀರನ್ನು ಎತ್ತಿದವರು ಯಾರು?

1960ರ ಹೊತ್ತಿಗೆ ಜಗತ್ತಿನ ನಾಲ್ಕನೇ ಅತಿ ದೊಡ್ಡ ಸರೋವರವಾಗಿದ್ದ, ಮಧ್ಯ ಏಷ್ಯಾದ ಅರಲ್ ಸಮುದ್ರ ಬತ್ತಿದ್ದು ಮುಖ್ಯವಾಗಿ ಮಳೆಯ ಕೊರತೆಯಿಂದಲ್ಲ. ಅದಕ್ಕೆ ನೀರುಣಿಸುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಸೋವಿಯತ್ ಆಡಳಿತ ಹತ್ತಿ ಹೊಲಗಳತ್ತ ತಿರುಗಿಸಿತು. 2005ರಲ್ಲಿ ಉತ್ತರ ಭಾಗಕ್ಕೆ ಅಣೆಕಟ್ಟು ಕಟ್ಟಿದ ಮೇಲೆ ಅಲ್ಲಿ ನೀರು ಮತ್ತೆ ಏರಿತು. ನೀರನ್ನು ಉಳಿಸಿಕೊಂಡಾಗ ಸರೋವರ ಚೇತರಿಸಿತಲ್ಲ, ವಾದದಲ್ಲಿ ಇಂಥ ಹಿಮ್ಮುಖ ಪುರಾವೆಗೆ ತೂಕ ಹೆಚ್ಚು.

ಹನಿ ನೀರಾವರಿ ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರನ್ನೂ ಸುಮ್ಮನೆ ಬಿಡಬೇಡಿ. ಉಳಿಸಿದ ನೀರಿನಲ್ಲಿ ಇನ್ನಷ್ಟು ಜಮೀನಿಗೆ ನೀರುಣಿಸಿದರೆ ನದಿಗೆ ಮರಳುವುದು ಏನೂ ಇಲ್ಲ.

6. ಕೊನೆಗೆ ಒಂದು ಪ್ರಶ್ನೆ ಎಸೆಯಿರಿ

"ಮುಂದಿನ ಮೂರು ವರ್ಷ ವಾಡಿಕೆಯಷ್ಟೇ ಮಳೆ ಬಂದರೆ ಈ ಜಲಾಶಯ ತುಂಬುತ್ತದೆಯೇ?" ತುಂಬುತ್ತದೆ ಎಂದರೆ ಮಳೆಯ ಕೊರತೆಯ ಪಾಲು ದೊಡ್ಡದು. ತುಂಬುವುದಿಲ್ಲ ಎಂದರೆ ಬಳಕೆಯ, ಹೂಳಿನ, ಹಂಚಿಕೆಯ ದಾಖಲೆಗಳನ್ನು ಮೇಜಿನ ಮೇಲಿಡಲು ಹೇಳಿ.