ಉದುರು ಹಣ್ಣು ಆಯ್ದು ನೇಪಾಳ: ನಮ್ಮ ಯುವಜನ ಸಂಘದ ಸೇವಾ ಪ್ರವಾಸದ ಲೆಕ್ಕ

ಕಾಫಿ ತೋಟದ ಕೂಲಿ ಮಾಡಿ ಹೊರದೇಶಕ್ಕೆ ಹೋಗುತ್ತಾರಂತೆ ಎಂದು ನಕ್ಕವರು ನಮ್ಮ ಧರ್ಮಕೇಂದ್ರದಲ್ಲೇ, ಅಂದರೆ ಚರ್ಚಿನ ಬಳಗದಲ್ಲೇ ಇದ್ದರು. ಹೊರಗಿನ ದಾನಿಗಳಿಲ್ಲದೆ ಸಕಲೇಶಪುರದ ಕಡೆಯ ಹುಡುಗರು ಹಾಸನ ದಾಟುವುದೇ ಕಷ್ಟ ಎಂಬುದು ಪಾಲನಾ ಮಂಡಳಿಯ ತೀರ್ಮಾನ. ಹನ್ನೊಂದು ಜನ ನೇಪಾಳಕ್ಕೆ ಹೋಗಿ, ಅಲ್ಲಿನ ಶಾಲೆಯೊಂದಕ್ಕೆ ಬಣ್ಣ, ವೈರಿಂಗ್ ಮಾಡಿ ಬಂದೆವು, ತಲೆಗೆ ಹದಿಮೂರು ಸಾವಿರದ ಆಸುಪಾಸು ತಗುಲಿತು, ಸಾಲ ಒಂದು ಪೈಸೆ ಇಲ್ಲ. ಈಗ ಅಕ್ಕಪಕ್ಕದ ಧರ್ಮಕೇಂದ್ರದವರು ಲೆಕ್ಕ ಕೇಳುತ್ತಿದ್ದಾರೆ. ಸಂಘ ಕಟ್ಟುವುದು, ಸಭೆ ನಡೆಸುವುದು, ಹಾಡು ಕಲಿಸುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ದುಡ್ಡು, ದಾರಿ, ಕೆಲಸ ಇಷ್ಟನ್ನೇ ಬರೆಯುತ್ತೇನೆ.

ಮೊದಲು ಕೈಕೊಟ್ಟ ದಾರಿಗಳು. ಬಿರಿಯಾನಿ ಮಾರಾಟದಲ್ಲಿ ಇನ್ನೂರು ಪ್ಲೇಟಿನವರೆಗೆ ಪಾತ್ರೆ ಬಾಡಿಗೆ, ಸೌದೆ, ಡಬ್ಬಿ ಕಳೆದರೆ ಪ್ಲೇಟಿಗೆ ಹದಿನೈದು ಇಪ್ಪತ್ತು ರೂಪಾಯಿ ಗಿಟ್ಟಿದರೆ ಹೆಚ್ಚು. ಅದರಲ್ಲೂ ಹತ್ತಿಪ್ಪತ್ತು ಪ್ಲೇಟು ‘ಆಮೇಲೆ ಕೊಡ್ತೀನಿ’ ಲೆಕ್ಕಕ್ಕೆ ಹೋಗುತ್ತದೆ. ಸಣ್ಣಾ (ಇಡ್ಲಿಯಂಥ ಅಕ್ಕಿ ತಿಂಡಿ) ಮತ್ತು ಹಂದಿ ಮಾಂಸದ ಸಾರು ಇದಕ್ಕಿಂತ ವಾಸಿ, ಆದರೆ ಹಬ್ಬದ ದಿನ ಬಿಟ್ಟರೆ ಗಿರಾಕಿ ಇಲ್ಲ. ಕುಸ್ವಾರ್‌ನಲ್ಲಿ, ಅಂದರೆ ಕ್ರಿಸ್‌ಮಸ್ ತಿಂಡಿಗಳಲ್ಲಿ, ಲಾಭ ಚೆನ್ನಾಗಿದೆ. ಆದರೆ ನೆವ್ರಿ, ಕಿಡಿಯೊ ಮಾಡುವ ಕೈಗಳೆಲ್ಲ ಡಿಸೆಂಬರ್‌ನಲ್ಲಿ ಮನೆಮನೆಯಲ್ಲೇ ಬ್ಯುಸಿ. ಕ್ರಿಸ್‌ಮಸ್‌ಗೆ ಮನೆಮನೆ ಹಾಡಿ ಕೂಡಿಸಿದ ಕ್ಯಾರಲ್ ದುಡ್ಡಿಗೆ ಕೈ ಹಾಕಬೇಡಿ, ಅದು ಬಡವರ ನಿಧಿಯದ್ದು, ಜಗಳ ಗ್ಯಾರಂಟಿ. ಅದೃಷ್ಟ ಚೀಟಿ ಅಚ್ಚು ಹಾಕಿಸುವವರು ಒಂದು ನೆನಪಿಡಿ: ರಾಜ್ಯದಲ್ಲಿ ಲಾಟರಿ ನಿಷೇಧವಾಗಿದ್ದು 2007ರಲ್ಲಿ. ಚರ್ಚಿನ ಹೆಸರು ಹಾಕಿದ ಮಾತ್ರಕ್ಕೆ ಅದು ಬೇರೆ ಏನೋ ಆಗಿಬಿಡುವುದಿಲ್ಲ.

ಇನ್ನು ಕಾಫಿ. ಹಣ್ಣು ಕೊಯ್ಯಲು ಹೋದರೆ ಕೆ.ಜಿ. ಲೆಕ್ಕ. ನಮ್ಮ ಕಡೆ ಆಗ ಐದು, ಐದೂವರೆ ರೂಪಾಯಿ ನಡೆಯುತ್ತಿತ್ತು. ಪಳಗಿದ ಹೆಂಗಸರು ನೂರು ಕೆ.ಜಿ. ದಾಟಿಸುತ್ತಾರೆ, ಕಾಲೇಜಿನವರು ನಲವತ್ತಕ್ಕೆ ಸುಸ್ತು. ಸಾಲದ್ದಕ್ಕೆ ಕಾಯಿ, ಹಣ್ಣು, ಎಲೆ ಬೆರೆಸಿ ತಂದು ರೈಟರ್ (ತೋಟದ ಲೆಕ್ಕ ಬರೆಯುವವರು) ಕೈಲಿ ಬೈಸಿಕೊಳ್ಳುವುದು ಬೇರೆ. ಮೆಣಸು ಕೊಯ್ಲಿಗೆ ಕೂಲಿ ಜಾಸ್ತಿ ಎಂದು ಆಸೆಪಟ್ಟು ಅಭ್ಯಾಸವಿಲ್ಲದವರನ್ನು ಏಣಿ ಹತ್ತಿಸಬೇಡಿ.

ನಮಗೆ ಒಗ್ಗಿದ್ದು ಕೊಯ್ಲು ಮುಗಿದ ಮೇಲಿನ ಕೆಲಸ: ಉದುರು ಹಣ್ಣು ಆಯುವುದು, ಗಿಡದಲ್ಲಿ ಉಳಿದ ಒಂಟಿ ಹಣ್ಣು ಬಿಡಿಸುವುದು. ಕಾಯಿಕೊರಕ ಹುಳ ಮುಂದಿನ ಬೆಳೆಗೆ ದಾಟುವುದೇ ಈ ಬಿದ್ದ ಮತ್ತು ಉಳಿದ ಹಣ್ಣಿನೊಳಗೆ ಕೂತು. ತೋಟದವರಿಗೆ ಇದು ಗೊತ್ತು, ಆದರೆ ಫೆಬ್ರವರಿ ಕೊನೆಗೆ ಹೊರಗಿನ ಆಳುಗಳು ಊರಿಗೆ ಹೊರಟಿರುತ್ತಾರೆ. ಇದ್ದವರು ನೀರು ಹೊಡೆಯುವುದರಲ್ಲಿ, ಕಣದಲ್ಲಿ ಇರುತ್ತಾರೆ. ಹಾಗಾಗಿ ದಿನಗೂಲಿಗೆ ಒಪ್ಪುತ್ತಾರೆ, ನಾನೂರೈವತ್ತರಿಂದ ಐನೂರು. ವೇಗಕ್ಕಿಂತ ಕಣ್ಣು ಮುಖ್ಯ, ಅದು ಹುಡುಗರಿಗೆ ಇದೆ. ಒಬ್ಬೊಬ್ಬರಿಗೆ ಎರಡು ಸಾಲು ಗಿಡ, ಬುಡದ ತರಗು ಕೈಯಿಂದ ಸರಿಸಿ ಆಯ್ದು ಮತ್ತೆ ಮುಚ್ಚಬೇಕು. ಗುದ್ದಲಿ, ಕುಂಟೆ ತಾಗಿಸಿದರೆ ಮೇಲಿನ ಬೇರು ಹರಿಯುತ್ತದೆ, ಮರುದಿನ ಕರೆಯುವುದಿಲ್ಲ. ಆಯ್ದ ಹಣ್ಣನ್ನು ಸಂಜೆಯೇ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಕೊಟ್ಟರೆ ಹುಳ ಅಲ್ಲೇ ಸಾಯುತ್ತದೆ. ಹೀಗೆ ಅದ್ದಿ ಕೊಡಲು ಶುರು ಮಾಡಿದ ಮೇಲೆ ಪಕ್ಕದ ತೋಟದವರೂ ಕರೆದರು. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಕೆಲಸ ಮುಗಿಯಬೇಕು. ಅದು ಸರಿಯಾಗಿ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು), ಮೋಜಿನ ಕಾರ್ಯಕ್ರಮ ಯಾವುದೂ ಇರುವುದಿಲ್ಲ, ‘ಇದು ನಮ್ಮ ತ್ಯಾಗ’ ಎಂದರೆ ಮನೆಯವರ ಬಾಯಿಯೂ ಮುಚ್ಚುತ್ತದೆ. ಭಾನುವಾರ ಮಾತ್ರ ಬೇಡ. ಶನಿವಾರ ಮತ್ತು ರಜೆಯ ದಿನಗಳಲ್ಲೇ ತಲೆಗೆ ಏಳೆಂಟು ಸಾವಿರ ಆಯಿತು. ಹದಿನೆಂಟು ತುಂಬದವರನ್ನು ಕೂಲಿಗೂ ಕರೆಯಲಿಲ್ಲ, ಪ್ರವಾಸಕ್ಕೂ ಕರೆಯಲಿಲ್ಲ. ತೋಟದವರ ಹತ್ತಿರ ದರ ಮಾತಾಡುವ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆದರೆ ಮುಂದಿನ ವರ್ಷ ನಮಗೇ ಕಷ್ಟ.

ಇದರ ಜೊತೆಗೊಂದು ಉಪಕಸುಬು. ದುಡ್ಡು ಕೊಡಲು ಹಿಂದೆಮುಂದೆ ನೋಡುವ ಪ್ಲಾಂಟರುಗಳು ಅರ್ಧ ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇರುವ ಕಾಫಿ ಬೀಜ) ಕೊಡಲು ಹಿಂಜರಿಯುವುದಿಲ್ಲ. ಸಿಪ್ಪೆ ತೆಗೆಸಿ ಹುರಿಸಿದರೆ ಕೆ.ಜಿ. ಬೀಜಕ್ಕೆ ಎಂಟುನೂರ ಇಪ್ಪತ್ತು, ಮೂವತ್ತು ಗ್ರಾಂ ಪುಡಿ ಸಿಗುತ್ತದೆ. ಬೀಜ ಸರಿಯಾಗಿ ಒಣಗಿರದಿದ್ದರೆ ತೂಕ ಇನ್ನೂ ಇಳಿಯುತ್ತದೆ, ಬಣ್ಣವೂ ಒಂದೇ ಸಮ ಬರುವುದಿಲ್ಲ. ಕಾಲು ಕೆ.ಜಿ. ಪೊಟ್ಟಣ ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ ಹೋಗುತ್ತದೆ. ಆಹಾರ ಸುರಕ್ಷತೆಯ ಸಣ್ಣ ನೋಂದಣಿ ಮಾಡಿಸಿ, ವರ್ಷಕ್ಕೆ ನೂರು ರೂಪಾಯಿ ಅಷ್ಟೆ. ಚಿಕೋರಿ ಬೆರೆಸಿದರೆ ಪೊಟ್ಟಣದ ಮೇಲೆ ಎಷ್ಟು ಶೇಕಡ ಎಂದು ಹಾಕಲೇಬೇಕು. ಅರೇಬಿಕಾ ರೋಬಸ್ಟಾ ಎಷ್ಟಕ್ಕೆಷ್ಟು ಎಂಬುದು ನಮ್ಮಲ್ಲೇ ಇರಲಿ.

ದುಡ್ಡು ಯಾರ ಖಾತೆಯಲ್ಲಿ ಇರಬೇಕು ಎಂಬಲ್ಲಿ ಬಹಳ ಸಂಘಗಳು ಎಡವುತ್ತವೆ. ಟ್ರಸ್ಟಿನ ಹಣ ಭಾರತದ ಹೊರಗೆ ಖರ್ಚಾದರೆ, ಮುಂಚಿತವಾಗಿ ವಿಶೇಷ ಅನುಮತಿ ಇಲ್ಲದಿದ್ದರೆ, ಆದಾಯ ತೆರಿಗೆ ವಿನಾಯಿತಿಗೆ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಕೂಲಿ ನೇರ ಆಯಾ ಹುಡುಗ ಹುಡುಗಿಯ ಉಳಿತಾಯ ಖಾತೆಗೆ, ಪುಡಿಯ ಹಣ ಸಂಘಕ್ಕೆ. ಸಂಘದ ಹಣ ಊರಿನ ತಾಲೀಮಿಗೆ, ಔಷಧಕ್ಕೆ ಮಾತ್ರ. ಗಲ್ಫ್‌ನಲ್ಲಿರುವ ಭಾರತೀಯ ಪಾಸ್‌ಪೋರ್ಟಿನ ಅಣ್ಣಂದಿರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಸಂಘಕ್ಕೆ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಕೆನಡಾ ಪೌರತ್ವ ಪಡೆದ ಚಿಕ್ಕಪ್ಪ ಕೊಟ್ಟರೆ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ, ಪ್ರೀತಿಯಿಂದ ಬೇಡ ಅನ್ನಿ.

ನೇಪಾಳವೇ ಯಾಕೆ ಎಂದರೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಸಾಕು. ಆಧಾರ್ ಮಾತ್ರ ಹಿಡಿದು ಹೊರಟವರು ಗಡಿಯಲ್ಲಿ ಸಿಕ್ಕಿಬೀಳುತ್ತಾರೆ. ಹೊಸದಾಗಿ ಮತದಾರರಾದವರ ಚೀಟಿ ಬರುವುದು ತಡ, ಅಂಥವರಿಗೆ ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ 1,500 ರೂಪಾಯಿ ಕಟ್ಟಿಸಿ ಮಾಡಿಸಿದೆವು. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಜ್ಞಾನಸ್ನಾನದ ಹೆಸರು ಸೇರಿ ಇನ್ನೊಂದು, ನಮ್ಮವರಲ್ಲಿ ಇದು ಸಾಮಾನ್ಯ. ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಅರ್ಜಿ.

ತಿಂಗಳು ಆರಿಸುವುದೇ ಅರ್ಧ ಕೆಲಸ. ದಸೈಂ, ತಿಹಾರ್ (ಅವರ ದಸರಾ, ದೀಪಾವಳಿ) ಹಬ್ಬಕ್ಕೆ ಅಲ್ಲಿ ಶಾಲೆ ಬಂದ್. ದೀಪಾವಳಿ ಕಳೆದು ಆರನೇ ದಿನ ಬಿಹಾರದವರ ದೊಡ್ಡ ಹಬ್ಬ ಛಠ್. ಅಲ್ಲಿಯತನಕ ಬಿಹಾರದ ಕಡೆಗೆ ಹೋಗುವ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ, ಛಠ್ ಮುಗಿದ ಮೇಲೆ ಬೆಂಗಳೂರಿನ ಕಡೆಗೆ ಬರುವ ರೈಲಿನಲ್ಲಿ ಜಾಗವಿಲ್ಲ. ಹಾಗಾಗಿ ಛಠ್ ಕಳೆದ ವಾರದಲ್ಲಿ ಹೊರಡಿ, ವಾಪಸ್ ಟಿಕೆಟ್ಟನ್ನು ಬುಕಿಂಗ್ ತೆರೆದ ದಿನವೇ, ಅಂದರೆ 60 ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೇ ಹಿಡಿಯಿರಿ. ಆನ್‌ಲೈನ್‌ನಲ್ಲಿ ಒಂದು ಟಿಕೆಟಿಗೆ ಆರೇ ಜನ, ಹನ್ನೊಂದು ಜನಕ್ಕೆ ಇಬ್ಬರು ಎರಡು ಫೋನಿನಲ್ಲಿ ಕೂರಬೇಕು. ಬೆಂಗಳೂರಿನಿಂದ ಸಂಘಮಿತ್ರ ರೈಲಿನಲ್ಲಿ ಪಟ್ನಾ ಪಕ್ಕದ ದಾನಾಪುರ, ಅಲ್ಲಿಂದ ರಕ್ಸೌಲ್, ಸೇತುವೆ ದಾಟಿದರೆ ಬೀರ್‌ಗಂಜ್. ಸ್ಲೀಪರ್‌ನಲ್ಲಿ ಹೋಗಿಬರಲು ಎರಡು ಸಾವಿರದ ಚಿಲ್ಲರೆ. ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು) ಮೊದಲ ಭಾನುವಾರಕ್ಕೆ ಊರಿಗೆ ಬಂದು ಕ್ಯಾರಲ್ ತಾಲೀಮು ಶುರು ಮಾಡಬಹುದು. ದೀಪಾವಳಿ ನವೆಂಬರ್ ನಡುವಿಗೆ ಬಿದ್ದ ವರ್ಷ ಈ ಲೆಕ್ಕ ಕೂಡಿ ಬರುವುದಿಲ್ಲ.

ಗಡಿಯಲ್ಲಿ ಭನ್ಸಾರ್, ಅಂದರೆ ಸುಂಕದ ಕಟ್ಟೆ. ಹೊಸ ಡಬ್ಬಿಯಲ್ಲಿರುವ ಡ್ರಿಲ್ ಕಂಡರೆ ಸುಂಕದ ಮಾತು, ಬಳಸಿ ಸವೆದ ಸಾಮಾನಾದರೆ ಅಷ್ಟು ಕೆದಕುವುದಿಲ್ಲ. ಹತ್ಯಾರುಗಳ ಪಟ್ಟಿ ಎರಡು ಪ್ರತಿ ಇರಲಿ. ಥಿನ್ನರ್ ರೈಲಿಗೆ ಹತ್ತಿಸುವಂತಿಲ್ಲ, ಬಣ್ಣವನ್ನು ಬೀರ್‌ಗಂಜ್ ಅಥವಾ ಹೆಟೌಡಾದಲ್ಲೇ ಕೊಳ್ಳಿ. ನಮ್ಮ ನೂರು ರೂಪಾಯಿಗೆ ಅಲ್ಲಿನ 160, ಈ ದರ ಬದಲಾಗುವುದಿಲ್ಲ. ನೂರರ ನೋಟಿನ ಕಟ್ಟು ಒಯ್ಯಿರಿ, ದೊಡ್ಡ ನೋಟಿನ ತಂಟೆ ಬೇಡ.

ಬೈಬಲ್ ತಲೆಗೊಂದು, ಅದೂ ಸ್ವಂತದ್ದು. ಕರಪತ್ರದ ಕಟ್ಟು ಬೇಡವೇ ಬೇಡ. 2015ರ ಸಂವಿಧಾನದಲ್ಲೇ ಮತಾಂತರಕ್ಕೆ ಅಲ್ಲಿ ನಿಷೇಧವಿದೆ. ದಂಡ ಸಂಹಿತೆಯ 158ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು, 50,000ದವರೆಗೆ ದಂಡ, ಹೊರದೇಶದವರಿಗೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ನಮಗೆ ನಾಲ್ಕು ದಿನದ ಉತ್ಸಾಹ, ಅದರ ಫಲ ಉಣ್ಣುವವರು ಊರಿನಲ್ಲೇ ಉಳಿಯುವ ಅಲ್ಲಿನ ವಿಶ್ವಾಸಿಗಳು. ಆದ್ದರಿಂದ ಕೆಲಸ ಮಾತ್ರ, ಅವರು ಕರೆದರೆ ಅವರ ಆರಾಧನೆಗೆ ಹೋಗುವುದು. ಅದು ಶನಿವಾರ. ಚಪ್ಪಲಿ ಹೊರಗೆ, ನೆಲದ ಮೇಲೆ ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ, ಸಿಕ್ಕವರಿಗೆಲ್ಲ ‘ಜಯ್ ಮಸೀಹ್’.

ಮಕ್ವಾನ್‌ಪುರ ಜಿಲ್ಲೆಯ ಗುಡ್ಡದ ಊರಿನ ಶಾಲೆಯಲ್ಲಿ ನಾವು ಹಿಡಿದ ಕೆಲಸ ಬಣ್ಣ ಮತ್ತು ವೈರಿಂಗ್. ಇಪ್ಪತ್ತು ಅಡಿಗೆ ಹದಿನಾರರ ಕೋಣೆ, ಹತ್ತಡಿ ಗೋಡೆ. ಬಾಗಿಲು ಕಿಟಕಿ ಕಳೆದರೆ ಆರುನೂರು ಚದರಡಿ ಚಿಲ್ಲರೆ, ಎರಡು ಸಲ ಬಳಿಯಲು ಹತ್ತು ಲೀಟರ್ ಎಮಲ್ಷನ್. ಇದು ಸಿಮೆಂಟ್ ಗಾರೆಗೆ. ಮಣ್ಣಿನ ಗಾರೆಯ ಗೋಡೆಗೆ ಎಮಲ್ಷನ್ ಬಳಿದರೆ ಮೊದಲ ಮಳೆಗಾಲಕ್ಕೇ ಹಪ್ಪಳದಂತೆ ಏಳುತ್ತದೆ. ಅಲ್ಲಿ ಸುಣ್ಣವೇ ಸರಿ, ರಾತ್ರಿ ನೆನೆಹಾಕಿ, ಸೋಸಿ, ಅಂಟು ಸೇರಿಸಿ ತೆಳುವಾಗಿ ಮೂರು ಸಲ. ಕರೆಂಟು ನಮ್ಮಂತೆಯೇ 230 ವೋಲ್ಟ್, ನಮ್ಮ ಸ್ವಿಚ್ಚು ವೈರುಗಳೇ ಅಂಗಡಿಯಲ್ಲೂ ಇವೆ. ಲೈಟಿಗೆ ಒಂದೂವರೆ ಚದರ ಮಿ.ಮೀ., ಸಾಕೆಟ್ಟಿಗೆ ಎರಡೂವರೆ. ನಾವು ನೋಡಿದ ಕೋಣೆಗಳಲ್ಲಿ ಅರ್ಥಿಂಗ್ ಇರಲೇ ಇಲ್ಲ. ಹಾಗಾಗಿ ಮೊದಲ ದಿನ ಅರ್ಥಿಂಗ್ ಗುಂಡಿ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಆಮೇಲೆ ಉಳಿದದ್ದು. ಐಟಿಐ ಓದಿದ ಇಬ್ಬರು, ಗಾರೆ ಕೆಲಸದವ ಒಬ್ಬ, ನರ್ಸಿಂಗ್ ವಿದ್ಯಾರ್ಥಿನಿ ಒಬ್ಬಳು ಇರುವ ತಂಡ ಬೇಕು. ಹಾಡುವವರು ಎಷ್ಟಾದರೂ ಸಿಗುತ್ತಾರೆ.

ಕೈತೊಳೆಯಲು, ಕಾಲಿನಿಂದ ಕೋಲು ತುಳಿದರೆ ಬಾಗಿ ನೀರು ಬಿಡುವ ಕ್ಯಾನ್ ಕಟ್ಟಿ ನೋಡಿದೆವು. ಐದು ಲೀಟರಿನ ಕ್ಯಾನ್, ಹಗ್ಗ, ಮೂರು ಗೂಟ. ಎಣ್ಣೆಯ ತೆಳು ಕ್ಯಾನ್ ಬಿಸಿಲಿಗೆ ಬಿರಿಯುತ್ತದೆ, ದಪ್ಪ ಜೆರ್ರಿಕ್ಯಾನೇ ಆಗಬೇಕು. ತೂತು ಮೊಳೆಯಷ್ಟು ಸಣ್ಣದಿದ್ದರೆ ನೀರು ಉಳಿಯುತ್ತದೆ. ಸೋಪನ್ನು ಮಾತ್ರ ಕಾಗೆ ಒಯ್ದಿತು, ಬಲೆಚೀಲದಲ್ಲಿ ಹಾಕಿ ಕಟ್ಟಿ.

ತಾಲೀಮು ಎರಡು ಬಗೆ. ಮೇ ತಿಂಗಳಲ್ಲಿ ಇಲ್ಲೇ ಒಂದು ಸರ್ಕಾರಿ ಶಾಲೆಯ ಕೋಣೆಗೆ ಅದೇ ಹತ್ಯಾರು, ಅದೇ ಜನ, ಅದೇ ಊಟದ ಹೊತ್ತು ಇಟ್ಟುಕೊಂಡು ಪೂರ್ತಿ ಕೆಲಸ ಮಾಡಿಸುವುದು. ಅಲ್ಲಿ ದಾಲ್‌ಭಾತ್ ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವೆ ನಾಲ್ಕು ಗಂಟೆಗೆ ಬೋಂಡಾ ಬೇಕೇ ಬೇಕು ಅನ್ನುವವರು ಯಾರೆಂದು ಇಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮಂಜರಾಬಾದ್ ಕೋಟೆಯ ಇನ್ನೂರೈವತ್ತು ಮೆಟ್ಟಿಲನ್ನು ಬೆನ್ನ ಮೇಲೆ ಎಂಟು ಕೆ.ಜಿ. ಹೊತ್ತು ಮೂರು ಸಲ ಹತ್ತಿಳಿಯುವುದು. ಹೊಸ ಶೂ ಹಾಕಿ ಬರುವವರನ್ನು ಇದೇ ಪಳಗಿಸುತ್ತದೆ.

ಧನುರ್ವಾಯು ಮತ್ತು ಟೈಫಾಯ್ಡ್ ಚುಚ್ಚುಮದ್ದು ಹೊರಡುವ ತಿಂಗಳ ಮುಂಚೆಯೇ ಆಗಲಿ. ಓಆರ್‌ಎಸ್ ತಲೆಗೆ ಆರು ಪೊಟ್ಟಣ, ಕ್ಲೋರಿನ್ ಮಾತ್ರೆ ಒಂದು ಪಟ್ಟಿ. ಬರುವಾಗ ಡ್ರಿಲ್, ಟೆಸ್ಟರ್, ಬ್ರಷ್ಷುಗಳನ್ನು ಶಾಲೆಗೇ ಬಿಟ್ಟು, ಭನ್ಸಾರ್ ಪಟ್ಟಿಯಲ್ಲಿ ಅವುಗಳ ಎದುರು ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು ಹಾಕಿಸಿಕೊಂಡು ಬನ್ನಿ.