ಗಲ್ಫ್‌ನಿಂದ ಬಂದ ಮೇಲೆ ಹಳೇ ಸಾಲ: ಮೊದಲು ಕಾಗದ, ಆಮೇಲೆ ದುಡ್ಡು

ಹೊರದೇಶದಿಂದ ಊರಿಗೆ ವಾಪಸ್ ಬಂದವರು ಹಳೇ ಸಾಲದ ಮಾತೆತ್ತಿದರೆ ನಾನು ಮೊದಲು ಹೇಳುವುದು ಇಷ್ಟೇ: ಫೋನ್ ಮಾಡಿದವರಿಗೆಲ್ಲ ದುಡ್ಡು ಹಾಕಬೇಡಿ. ಎಷ್ಟು ಬಾಕಿ, ಆ ಸಾಲ ಈಗ ಯಾರ ಕೈಯಲ್ಲಿದೆ ಎನ್ನುವುದು ಕಾಗದದ ಮೇಲೆ ಬರಲಿ. ಹಣದ ಮಾತು ಆಮೇಲೆ. ನಾನು ಬ್ಯಾಂಕಿನ ವಸೂಲಾತಿ ವಿಭಾಗದಲ್ಲೇ ದುಡಿದು ನಿವೃತ್ತಳಾದವಳು. ಈಗ ಕುಂಜಿಬೆಟ್ಟಿನ ನಮ್ಮ ಮನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತುಂಬಿಕೊಂಡು ಜನ ಬರುತ್ತಾರೆ. ಇವರಲ್ಲಿ ಮೋಸ ಮಾಡಬೇಕೆಂದು ವಿಮಾನ ಹತ್ತಿದವರು ತೀರಾ ಕಡಿಮೆ. ಕಂಪನಿ ಮುಚ್ಚಿತು, ಸಂಬಳ ನಿಂತಿತು, ಇಲ್ಲಿನ ಸಿಮ್ ಬಂದ್ ಆಯಿತು, ಬ್ಯಾಂಕಿನ ನೋಟಿಸು ಬೀಗ ಹಾಕಿದ ಮನೆಗೆ ಬಂದು ಹಾಗೇ ವಾಪಸ್ ಹೋಯಿತು. ಅಷ್ಟೇ.

ಮೊದಲ ಕೆಲಸ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಸಾಲಗಳು ಯಾವುವು, ಹೇಗೆ ಕಟ್ಟಿದ್ದೀರಿ ಎನ್ನುವ ಪಟ್ಟಿ ತೆಗೆಯುವುದು. ನಾವೆಲ್ಲ ಸುಮ್ನೆ ಸಿಬಿಲ್ ಅನ್ನುತ್ತೇವೆ, ಆದರೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂದು ಈ ರಿಪೋರ್ಟ್ ಕೊಡುವ ನಾಲ್ಕು ಕಂಪನಿಗಳಿವೆ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪ್ರತಿಯೊಂದೂ ಪುಕ್ಕಟೆ ಕೊಡಬೇಕು. ಅವರ ವೆಬ್‌ಸೈಟಿನಲ್ಲೇ ತೆಗೆಯಿರಿ, ಕಂಡಕಂಡ ಆ್ಯಪ್‌ಗೆ ಪಾನ್ ನಂಬರ್ ಕೊಡಬೇಡಿ. ಹಳೇ ಮೊಬೈಲ್ ನಂಬರ್ ಹೋಗಿದ್ದರೆ ಒಟಿಪಿ ತೊಂದರೆ ಬರುತ್ತದೆ. ಹಾಗಾಗಿ ಅದಕ್ಕೂ ಮೊದಲು ನಿಮ್ಮ ಉಳಿತಾಯ ಖಾತೆಯ ಶಾಖೆಗೆ ಹೋಗಿ ಹೊಸ ನಂಬರ್, ಹೊಸ ವಿಳಾಸ ಕೊಟ್ಟು ಕೆವೈಸಿ ಸರಿಮಾಡಿಸಿ. ಹೊರದೇಶದಲ್ಲಿರುವವರಿಗೆಂದು ಇಲ್ಲಿ ಇರುವ ಎನ್‌ಆರ್‌ಒ ಖಾತೆಯನ್ನು ರೆಸಿಡೆಂಟ್, ಅಂದರೆ ಇಲ್ಲೇ ವಾಸಿಸುವವರ ಖಾತೆಯಾಗಿ ಬದಲಾಯಿಸುವ ಕೆಲಸವೂ ಅದೇ ದಿನ ಮುಗಿಯಲಿ.

ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಸ್ಕೋರ್ ನೋಡಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. 300ರಿಂದ 900ರ ನಡುವಿನ ಒಂದು ಅಂಕಿ ಅದು. ಅದನ್ನು ಬಿಟ್ಟು ಕೆಳಗಿನ ಖಾತೆಗಳ ಪಟ್ಟಿಗೆ ಹೋಗಿ. ಕಾಪು ಕಡೆಯ ಒಬ್ಬ ಹುಡುಗ, ಶಾರ್ಜಾದಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದವನು, ತನ್ನ ರಿಪೋರ್ಟ್ ತಂದಿದ್ದ. ಒಂದು ಕ್ರೆಡಿಟ್ ಕಾರ್ಡಿನ ಕೆಳಗೆ ತಿಂಗಳುಗಳ ಚೌಕಗಳು. ಮೊದಲು ಸೊನ್ನೆ ಸೊನ್ನೆ ಸೊನ್ನೆ, ಅಂದರೆ ಸರಿಯಾಗಿ ಕಟ್ಟಿದ್ದಾನೆ. ಆಮೇಲೆ 30, 60, 90. ಅದು ಎಷ್ಟು ದಿನ ತಡವಾಗಿದೆ ಎನ್ನುವ ಲೆಕ್ಕ. 90 ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಅದರ ಕೆಳಗೆ ‘ರಿಟನ್ ಆಫ್’ ಎಂದಿತ್ತು. "ಅಕ್ಕ, ಬರೆದು ಹಾಕಿದ್ದಾರಲ್ವಾ, ಹಾಗಾದ್ರೆ ಮಾಫಿ ಆಯ್ತಲ್ವಾ?" ಅಂತ ಕೇಳಿದ. ಇಲ್ಲ. ರಿಟನ್ ಆಫ್ ಎಂದರೆ ಬ್ಯಾಂಕು ತನ್ನ ಲೆಕ್ಕಪತ್ರದಿಂದ ಆ ಸಾಲವನ್ನು ಪಕ್ಕಕ್ಕಿಟ್ಟಿದೆ, ಅಷ್ಟೇ. ವಸೂಲಿ ಮಾಡುವ ಹಕ್ಕು ಹಾಗೇ ಇರುತ್ತದೆ. ಕಾರ್ಡಿನ ಬಡ್ಡಿಯಂತೂ ತಿಂಗಳಿಗೆ ಶೇಕಡಾ ಮೂರು, ಮೂರೂವರೆ. ವರ್ಷಕ್ಕೆ 40ರ ಹತ್ತಿರ. ಸಣ್ಣ ಬಾಕಿ ಹೇಗೆ ಇಷ್ಟು ಬೆಳೆಯಿತು ಎಂದು ಆ ಹುಡುಗ ಕೇಳಿದ್ದಕ್ಕೆ ಉತ್ತರ ಅಲ್ಲೇ ಇತ್ತು.

ನಮ್ಮ ಜಿಲ್ಲೆಗಳವರಿಗೆ ಇನ್ನೊಂದು ತೊಡಕಿದೆ. ಸಾಲ ಕೊಟ್ಟ ಬ್ಯಾಂಕಿನ ಹೆಸರೇ ಈಗ ಇಲ್ಲದಿರಬಹುದು. ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋದವು. ಅದಕ್ಕೂ ಮೊದಲು ಹೋದವರು ಬಂದು ನೋಡಿದರೆ ಬೋರ್ಡು ಬೇರೆ. ಸಾಲವೇನೂ ಮಾಯವಾಗಿಲ್ಲ, ಹೊಸ ಬ್ಯಾಂಕಿನ ಪುಸ್ತಕದಲ್ಲಿದೆ. ಹಳೇ ಪಾಸ್‌ಬುಕ್ಕೋ ಸಾಲದ ಮಂಜೂರಾತಿ ಪತ್ರವೋ ಇದ್ದರೆ ಹಿಡಿದುಕೊಂಡು ಹೋಗಿ. ಕೆಲವೊಮ್ಮೆ ಬ್ಯಾಂಕು ಆ ಸಾಲವನ್ನು ಕೆಟ್ಟ ಸಾಲ ಕೊಂಡು ವಸೂಲಿ ಮಾಡುವ ಆಸ್ತಿ ಪುನರ್ನಿರ್ಮಾಣ ಕಂಪನಿಗೆ, ಅಂದರೆ ಎಆರ್‌ಸಿಗೆ ಮಾರಿಬಿಟ್ಟಿರುತ್ತದೆ. ಆಗ ಮಾತುಕತೆ ಅವರ ಜೊತೆ, ಎನ್‌ಒಸಿ, ಅಂದರೆ ಬಾಕಿಯಿಲ್ಲ ಎನ್ನುವ ಪತ್ರ ಕೊಡಬೇಕಾದವರೂ ಅವರೇ. ಇದು ತಿಳಿಯದೆ ತಪ್ಪು ಕಡೆ ದುಡ್ಡು ಕಟ್ಟಿದವರ ಕಣ್ಣೀರು ನೋಡಿದ್ದೇನೆ.

ಶಾಖೆಯಲ್ಲಿ ಬಾಯಿಮಾತು ಬೇಡ. ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಕೊಡಿ, ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಬೇರೆಬೇರೆ ತೋರಿಸಿ ಎಂದು ಮ್ಯಾನೇಜರಿಗೆ ಅರ್ಜಿ ಬರೆಯಿರಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿ. ಅರ್ಜಿಯಲ್ಲಿ "ನಾನು ಇಷ್ಟು ಕೊಡಬೇಕಾಗಿದೆ" ಎಂದು ಬರೆಯಬೇಡಿ, ಮಾಹಿತಿ ಮಾತ್ರ ಕೇಳಿ. ಕಾರಣ ಇದೆ. ಸಾಮಾನ್ಯ ಸಾಲಕ್ಕೆ ದಾವೆ ಹಾಕುವ ಕಾಲಮಿತಿ ಮೂರು ವರ್ಷ. ಅದು ಮುಗಿಯುವ ಮೊದಲು ಸಾಲ ಒಪ್ಪಿ ಸಹಿ ಹಾಕಿದರೆ, ಒಂದಿಷ್ಟು ಕಟ್ಟಿದರೆ, ಲೆಕ್ಕ ಮತ್ತೆ ಶುರುವಿನಿಂದ ಆರಂಭ.

"ನಾನು ಹೋಗಿ ಏಳೆಂಟು ವರ್ಷ ಆಯ್ತು ಮಾರಾಯ್ರೆ, ಇನ್ನು ಯಾರು ಕೇಳ್ತಾರೆ" ಎನ್ನುವವರೂ ಇದ್ದಾರೆ. ಅವರು 1963ರ ಕಾಲಮಿತಿ ಕಾಯ್ದೆಯ 15ನೇ ಸೆಕ್ಷನ್ ನೋಡಬೇಕು. ಸಾಲಗಾರ ಭಾರತದಿಂದ ಹೊರಗಿದ್ದ ಕಾಲವನ್ನು ಆ ಮೂರು ವರ್ಷದ ಲೆಕ್ಕಕ್ಕೆ ಹಿಡಿಯುವುದಿಲ್ಲ. ದುಬೈಯಲ್ಲಿದ್ದ ವರ್ಷಗಳು ನಿಮ್ಮ ಪರವಾಗಿ ಓಡಿರುವುದಿಲ್ಲ. ಹಾಗಾಗಿ ದೊಡ್ಡ ಮೊತ್ತವಾದರೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ. ಮಂಗಳೂರು, ಉಡುಪಿ ಎರಡೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಕಾನೂನು ನೆರವು ಉಚಿತ.

ಜೈಲಿನ ಭಯ ಜಾಸ್ತಿ ಜನಕ್ಕಿದೆ. ಸಾಲ ಕಟ್ಟಲಾಗದ್ದಕ್ಕೆ ಯಾರನ್ನೂ ಬಜಪೆ ವಿಮಾನ ನಿಲ್ದಾಣದಿಂದ ಎತ್ತಿಕೊಂಡು ಹೋಗುವುದಿಲ್ಲ, ಅದು ಸಿವಿಲ್ ವಿಷಯ. ಆದರೆ ನೀವು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಮಾತು ಬೇರೆ. ಚೆಕ್ ಬೌನ್ಸಿಗೆ ಹಾಕುವ ಸೆಕ್ಷನ್ 138ರ ಕೇಸಿನಲ್ಲಿ ಎರಡು ವರ್ಷದವರೆಗೆ ಶಿಕ್ಷೆಯಿದೆ, ಸಮನ್ಸ್‌ಗೆ ಹೋಗದಿದ್ದರೆ ವಾರಂಟ್ ಆಗಿರಬಹುದು. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿದರೆ ಗೊತ್ತಾಗುತ್ತದೆ. ಇನ್ನು ವಸೂಲಿ ಏಜೆಂಟರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮನೆಯ ಹಿರಿಯರನ್ನು ಬೆದರಿಸುವಂತಿಲ್ಲ. ಮಾಡಿದರೆ ದಿನಾಂಕ, ಸಮಯ ಬರೆದಿಟ್ಟು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ.

ಈಗ ಮುಖ್ಯ ವಿಷಯ, ಸೆಟಲ್‌ಮೆಂಟ್, ಅಂದರೆ ಕಡಿಮೆ ಕಟ್ಟಿ ರಾಜಿಯಲ್ಲಿ ಮುಗಿಸುವುದು. "ಐದು ಲಕ್ಷದ ಬಾಕಿಗೆ ಎರಡು ಲಕ್ಷ ಕೊಡಿ, ಮುಗಿಸೋಣ" ಎಂದರೆ ಯಾರಿಗೆ ಆಸೆಯಾಗುವುದಿಲ್ಲ? ಆದರೆ ರಿಪೋರ್ಟಿನಲ್ಲಿ ಅದು ‘ಸೆಟಲ್ಡ್’ ಎಂದು ಬರುತ್ತದೆ, ಪೂರ್ತಿ ತೀರಿದಾಗ ಬರುವ ‘ಕ್ಲೋಸ್ಡ್’ ಎಂದಲ್ಲ. ಕ್ರೆಡಿಟ್ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. ಮುಂದೆ ಮನೆ ಸಾಲಕ್ಕೆ ಹೋದರೆ ಮ್ಯಾನೇಜರ್ ಮೊದಲು ನೋಡುವುದೇ ಆ ಪದ. ನನ್ನ ಅಭಿಪ್ರಾಯ ಖಡಾಖಂಡಿತ: ಸಾಲ ಸಣ್ಣದಾಗಿದ್ದು, ಮುಂದೆ ಸಾಲ ಬೇಕಾಗುವ ವಯಸ್ಸಾಗಿದ್ದರೆ, ಕಂತು ಕೇಳಿಯಾದರೂ ಪೂರ್ತಿ ಕಟ್ಟಿ. ಅರವತ್ತು ದಾಟಿ, ಕೈಯಲ್ಲಿರುವುದು ಅಷ್ಟೇ ಎಂದಾದರೆ ಸೆಟಲ್‌ಮೆಂಟ್ ಮಾಡಿಕೊಂಡು ನಿಶ್ಚಿಂತೆಯಾಗಿ ನಿದ್ದೆ ಮಾಡಿ. ಅದರಲ್ಲಿ ಅವಮಾನವೇನೂ ಇಲ್ಲ.

ಯಾವುದೇ ಆದರೂ ಲೆಟರ್‌ಹೆಡ್ ಮೇಲೆ ಪತ್ರ ಬರದೆ ಪೈಸೆ ಕೊಡಬೇಡಿ. ಖಾತೆ ನಂಬರ್, ಒಪ್ಪಿದ ಮೊತ್ತ, ಕಟ್ಟಲು ಕೊನೆಯ ದಿನ, ಇದಾದ ಮೇಲೆ ಏನೂ ಬಾಕಿಯಿಲ್ಲ ಎನ್ನುವ ಸಾಲು, ರಿಪೋರ್ಟಿನಲ್ಲಿ ಏನೆಂದು ಕಳಿಸುತ್ತಾರೆ, ಕೇಸಿದ್ದರೆ ವಾಪಸ್ ತೆಗೆಯುತ್ತಾರಾ, ಎಲ್ಲ ಅದರಲ್ಲಿರಲಿ. ದುಡ್ಡು ಆ ಸಾಲದ ಖಾತೆಗೇ ಹೋಗಬೇಕು, ಏಜೆಂಟನ ಗೂಗಲ್ ಪೇಗೆ ಅಲ್ಲ. ಲೋಕ ಅದಾಲತ್‌ನಲ್ಲಿ ಮುಗಿಸಿಕೊಂಡರೆ ಇನ್ನೂ ಗಟ್ಟಿ. ಅಲ್ಲಿನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ ಬೆಲೆಯಿದೆ, ಮೇಲ್ಮನವಿಯಿಲ್ಲ.

ಸಾಲ ಆಚೆಯದ್ದಾಗಿದ್ದರೆ? ಯುಎಇಯಲ್ಲಿ ಮಾಡಿದ ಸಾಲ ಇಲ್ಲಿನ ಸಿಬಿಲ್‌ನಲ್ಲಿ ಬರುವುದಿಲ್ಲ. ಅಲ್ಲಿಗೆ ಅಲ್ ಎತಿಹಾದ್ ಕ್ರೆಡಿಟ್ ಬ್ಯೂರೋ ಎಂದು ಬೇರೆಯೇ ಇದೆ. ಹಾಗೆಂದು ಕಡಲು ದಾಟಿದ ಮೇಲೆ ಮುಗಿಯಿತು ಎಂದುಕೊಳ್ಳಬೇಡಿ. 2020ರ ಜನವರಿ 17ರ ಅಧಿಸೂಚನೆಯ ಪ್ರಕಾರ ಅಲ್ಲಿನ ಸಿವಿಲ್ ಕೋರ್ಟಿನ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ನಿಮಗೆ ನೋಟಿಸೇ ಕೊಡದೆ ಡಿಕ್ರಿ ಪಡೆದಿದ್ದರೆ ಇಲ್ಲಿ ತಕರಾರು ಎತ್ತಲು ಅವಕಾಶವಿದೆ. ಆದ್ದರಿಂದ ಕೋರ್ಟಿನ ಕಾಗದ ಬಂದರೆ ಸುಮ್ನೆ ಕೂರಬೇಡಿ. ಮತ್ತೆ ಕೆಲಸಕ್ಕೆ ಹೋಗುವ ಯೋಚನೆಯಿದ್ದರೆ ಟಿಕೆಟ್ ಮಾಡಿಸುವ ಮೊದಲು ಪ್ರಯಾಣ ನಿಷೇಧ ಇದೆಯಾ ಎಂದು ವಿಚಾರಿಸಿ.

ಬಾಕಿ ತೀರಿದ ಮೇಲೆ ಎನ್‌ಒಸಿ ತೆಗೆದುಕೊಳ್ಳಿ. ಮನೆ ಪತ್ರ ಅಡವಿಟ್ಟಿದ್ದರೆ 30 ದಿನದೊಳಗೆ ವಾಪಸ್ ಕೊಡಬೇಕು, ಬ್ಯಾಂಕಿನಿಂದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ರಿಪೋರ್ಟ್ ಸರಿಯಾಗದಿದ್ದರೆ ಸಿಬಿಲ್ ವೆಬ್‌ಸೈಟಿನಲ್ಲಿ ಎನ್‌ಒಸಿ ಜೊತೆ ತಕರಾರು ಹಾಕಿ. ಅದಕ್ಕೂ 30 ದಿನದ ಗಡುವು, ಮೀರಿದರೆ ದಿನಕ್ಕೆ 100 ರೂಪಾಯಿ. ಸ್ಕೋರ್ ಏರಿಸಿಕೊಡುತ್ತೇವೆ ಎನ್ನುವ ಏಜೆನ್ಸಿಗಳಿಗೆ ಹಣ ಸುರಿಯಬೇಡಿ. ಒಂದು ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ಮಾಡಿಸಿ, ಮಿತಿಯ ಮೂರನೇ ಒಂದು ಭಾಗ ದಾಟದಂತೆ ಬಳಸಿ, ಪ್ರತಿ ತಿಂಗಳೂ ಪೂರ್ತಿ ಕಟ್ಟಿ. ವರ್ಷ ಕಳೆಯುವುದರೊಳಗೆ ವ್ಯತ್ಯಾಸ ಕಾಣತೊಡಗುತ್ತದೆ.

ಇನ್ನೊಂದು, ಜಾಮೀನು ಹಾಕಿದವರದ್ದು. ನಿಮ್ಮ ಸಾಲಕ್ಕೆ ಬಾವನೋ ನೆರೆಮನೆಯವರೋ ಸಹಿ ಹಾಕಿದ್ದರೆ ಅವರ ಸಿಬಿಲ್‌ನಲ್ಲೂ ಅದೇ ಬಾಕಿ ಕೂತಿರುತ್ತದೆ. ಅವರ ಮಗಳ ಓದಿನ ಸಾಲ ಅದಕ್ಕೇ ನಿಂತಿರಬಹುದು. ನಿಮ್ಮ ಎನ್‌ಒಸಿಯ ಪ್ರತಿಯನ್ನು ಅವರಿಗೆ ಕೊಡಿ, ಅವರ ರಿಪೋರ್ಟನ್ನೂ ತೆಗೆಸಿ ನೋಡಿ, ತಪ್ಪಿದ್ದರೆ ಅವರ ಜೊತೆ ಕೂತು ತಕರಾರು ಹಾಕಿಸಿ.