ಪಂಚ್, ಎಕ್ಸ್‌ಟರ್, ಬ್ರೆಝಾ ತಗೊಂಡು ರ್‍ಯಾಲಿಗೆ ಇಳಿಯೋರಿಗೆ

ಹುಬ್ಬಳ್ಳಿ ಗೋಕುಲ ರೋಡಿನ ನನ್ನ ಅಲೈನ್‌ಮೆಂಟ್ ಶಾಪಿಗೆ ಬರೋ ಹುಡುಗ್ರು ಈಗ ಸ್ವಿಫ್ಟ್ ತರೂದು ಕಡಿಮಿ ಆಗೇತಿ. ಪಂಚ್ ಇಲ್ಲಾ ಎಕ್ಸ್‌ಟರ್, ಅಪ್ಪನ ಹೆಸರಿನ ಬ್ರೆಝಾ, ಯಾರೋ ಮಾರಿದ ಇಕೋಸ್ಪೋರ್ಟ್. ಕೆಎ-25 ಇರಲಿ, ಕೆಎ-63 ಇರಲಿ, ಪ್ರಶ್ನೆ ಒಂದ: "ಕಾಕಾ, ಇದರಾಗ ಆಟೋಕ್ರಾಸ್ ಆಡಬಹುದೇನ್ರಿ?"

ಯಾವ ಆಟ, ಯಾವ ನೆಲ ಅನ್ನೂದು ಮೊದಲ ಹೇಳ್ರಿ. ಟಿಎಸ್‌ಡಿ ರ್‍ಯಾಲಿಗೆ (ಕೊಟ್ಟ ಸರಾಸರಿ ವೇಗಕ್ಕ ತಕ್ಕಂಗ ಸರಿಯಾದ ಹೊತ್ತಿಗೆ ಮುಟ್ಟೋ ಆಟ) ಇವು ಅಗದಿ ಛಲೋ ಗಾಡಿ. ಸಪಾಟ ಕೆಂಪು ಮಣ್ಣಿನ ಮ್ಯಾಲೆ ಕೋನ್ ಸುತ್ತಿ ಒಬ್ಬೊಬ್ಬರ ಟೈಮ್ ಹಿಡಿಯೋ ಆಟೋಕ್ರಾಸ್‌ಗೆ ನಡೀತಾವು. ಒಣ ಡಾಂಬರಿನ ಮ್ಯಾಲೆ ಕೋನ್ ಇಟ್ಟು ಎಡಕ್ಕ-ಬಲಕ್ಕ ಹೊರಳಸೋ ಸ್ಲಾಲಮ್‌ಗೆ, ಅದೂ ದಪ್ಪ ಅಂಟು ಟೈರ್ ಹಾಕಿ, ಬ್ಯಾಡ, ಎತ್ತರದ ಗಾಡಿ ಉರುಳಬಹುದು. ಅಮೆರಿಕದ ಎಸ್‌ಸಿಸಿಎ ಕಾರ್ ರೇಸ್ ಕ್ಲಬ್ಬಿನವರು ಇಂಥಾ ಕೋನ್ ಆಟಕ್ಕ ಎತ್ತರ ಹೆಚ್ಚು, ಅಗಲ ಕಡಿಮಿ ಇರೋ ಗಾಡಿಗೆ ರೂಲ್ ಬರದು ಬಾಗಲಾ ಹಾಕ್ಯಾರ. ನಮ್ಮ ಕಡೆ ಆ ಅಳತಿ ನಾವ ಮಾಡ್ಕೋಬೇಕು.

ಟೇಪ್ ತಗೋರಿ. ಸಪಾಟ ನೆಲದ ಮ್ಯಾಲೆ ಗಾಡಿ ನಿಲ್ಲಿಸಿ ಮುಂದಿನ ಎರಡು ಟೈರಿನ ನಡುಗೆರಿಯಿಂದ ನಡುಗೆರಿಗೆ ಅಳೀರಿ, ಹಿಂದಿಂದೂ ಅಳೀರಿ, ಎರಡರ ಸರಾಸರಿ ತಗೀರಿ. ಇದು ಟ್ರ್ಯಾಕ್. ಗಾಡಿ ಭಾರದ ನಡುಬಿಂದು ನೆಲದಿಂದ ಎಷ್ಟು ಎತ್ತರ ಐತಿ ಅನ್ನೂದು ಟೇಪಿಗೆ ಸಿಗೂದಿಲ್ಲ. ಅಂದಾಜಿಗೆ ನಾನು ಒಟ್ಟು ಎತ್ತರದ ಹತ್ತಕ್ಕ ನಾಕು ಪಾಲು ಹಿಡೀತೀನಿ. ಆ ಎತ್ತರದ ಎರಡರಷ್ಟರಿಂದ ಟ್ರ್ಯಾಕ್ ಭಾಗಸ್ರಿ. ಪಂಚ್ ಎತ್ತರ 1,615 ಮಿ.ಮೀ., ಹತ್ತಕ್ಕ ನಾಕು ಅಂದ್ರ 646. ಟ್ರ್ಯಾಕ್ 1,500 ಬಂತು ಅಂತ ಇಟ್ಕೊಳ್ರಿ: 1,500 ಭಾಗಿಸು 1,292, ಉತ್ತರ 1.16. ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2001ರ ಮಾಡೆಲ್‌ನಿಂದ ಇದ ಲೆಕ್ಕ ಹಿಡದು ಗಾಡಿ ಉರುಳೂದಕ್ಕ ಸ್ಟಾರ್ ಕೊಡಾಕ ಶುರು ಮಾಡ್ತು. ಅವರ ಪ್ರಕಾರ ಸಾದಾ ಕಾರು 1.3ರಿಂದ 1.5ರ ನಡುವ ಬರತಾವು, ಎಸ್‌ಯುವಿ 1ರಿಂದ 1.3.

1.16 ಅಂದ್ರ, ಗಾಡಿ ತೂಕದ 1.16 ಪಟ್ಟು ಬಲ ಮಗ್ಗಲಿಗೆ ಎಳೆದ್ರ ಒಳಗಿನ ಗಾಲಿ ನೆಲ ಬಿಡತಾವು. ಇದು ಕಾಗದದ ಲೆಕ್ಕ. ಖರೇ ಗಾಡಿ ಅದಕ್ಕೂ ಮೊದಲ ಏಳತೈತಿ, ಯಾಕಂದ್ರ ತಿರುವಿನ್ಯಾಗ ಸ್ಪ್ರಿಂಗ್ ಅದುಮಿ ಬಾಡಿ ಹೊರಗ ವಾಲತೈತಿ, ಟೈರಿನ ಮಗ್ಗಲಾ ಮಡಚತೈತಿ, ಮ್ಯಾಲೆ ಇಬ್ಬರು ಕುಂತಿರತೀರಿ. ಎಡಕ್ಕ ತಿರುವಿದಾಗ ವಾಲಿದ್ದು ನೆಟ್ಟಗಾಗೂಕಿಂತ ಮೊದಲ ಬಲಕ್ಕ ತಿರುವಿದ್ರ ಇನ್ನೂ ಕಡಿಮಿ ಸಾಕು. ಸ್ಲಾಲಮ್ ಅಂದ್ರ ಅದ ಅಲ್ಲೇನ್ರಿ.

ಈಗ ಟೈರಿನ ಹಿಡಿತ ನೋಡ್ರಿ. ಒಣ ಡಾಂಬರಿನ ಮ್ಯಾಲೆ ಸಾದಾ ಟೈರ್ ಗಾಡಿ ತೂಕದ 0.8, 0.9ರಷ್ಟು ಹಿಡೀತೈತಿ. ಅಂಟು ಟೈರ್ ಹಾಕಿದ್ರ 1 ದಾಟತೈತಿ, ಉರುಳೂದಕ್ಕ ಉಳಿದ ಅಂತರ ಅಲ್ಲಿಗೆ ಮುಗೀತು. ಸಡಿಲ ಮಣ್ಣಿನ ಮ್ಯಾಲೆ ಹಿಡಿತ ಸುಮಾರು 0.5, 0.6. ಅಲ್ಲಿ ಗಾಡಿ ಏಳೂಕಿಂತ ಮೊದಲ ಜಾರತೈತಿ. ಜಾರೂದು ಛಲೋ. ಜಾರಿದ್ರ ಟೈಮ್ ಹೋಗತೈತಿ, ಗಾಡಿ ನಾಕೂ ಗಾಲಿ ಮ್ಯಾಲೆ ಇರತೈತಿ. ಎತ್ತರದ ಗಾಡಿಗೆ ಮಣ್ಣು ಡಾಂಬರಿಗಿಂತ ಸುರಕ್ಷಿತ ಅಂದ್ರ ಹುಡುಗ್ರು ನಗತಾರ, ಆದ್ರ ಲೆಕ್ಕ ಹಂಗ ಐತಿ.

ಇದಕ್ಕೊಂದು ಷರತ್ತು. ಜಾರೋ ಗಾಡಿ ಎದಕ್ಕೂ ತಾಗಬಾರದು. ಒಂಟಿ ಗಾಡಿ ಉರುಳಿದ ಅಪಘಾತದಾಗ ನೂರಕ್ಕ 95 ಏನಕ್ಕರ ತಾಗಿನ ಆಗತಾವು ಅಂತ ಅದ ಎನ್‌ಎಚ್‌ಟಿಎಸ್‌ಎ ಹೇಳತೈತಿ: ಅಂಚು, ಮೆತ್ತನ ಮಣ್ಣು, ತಗ್ಗು. ಮೇವು ಹೇರಿದ ಚಕ್ಕಡಿ ಒಡ್ಡಿಗೆ ಗಾಲಿ ಹತ್ತಿ ಮಗ್ಗಲಾಗಿದ್ದು ನೋಡಿದವರಿಗೆ ಹೆಚ್ಚು ಹೇಳೂದು ಬ್ಯಾಡ.

ಅದಕ್ಕ ನಮ್ಮ ಸೀಮ್ಯಾಗ ನೆಲ ಆರಿಸೂದ ದೊಡ್ಡ ಕೆಲಸ. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಎರಿ ಭೂಮಿ. ಬ್ಯಾಸಗ್ಯಾಗ ನೋಡಾಕ ಮೈದಾನದಂಗ ಕಾಣತೈತಿ, ಆದ್ರ ಬಿರುಕಿನ್ಯಾಗ ಕೈ ಇಳೀತೈತಿ. ಮಗ್ಗಲಾ ಜಾರೋ ಗಾಡಿಯ ಹೊರಗಿನ ಟೈರಿಗೆ ಆ ಬಿರುಕಿನ ಅಂಚು ಸಾಕು. ಒಂದು ಮಳಿ ಬಿದ್ರ ಮಣ್ಣು ಫೆಂಡರ್ ತನಕ ಅಂಟಿ ಗಾಲಿ ತಿರಗೂದು ನಿಂತು ಬಿಡತೈತಿ. ಕಲಘಟಗಿ ಕಡೆ, ಧಾರವಾಡದ ಪಡುವಣ ದಿಕ್ಕಿನ ಕೆಂಪು ಮಸಾರಿ ನೆಲ ಇದಕ್ಕ ಒಳ್ಳೇದು. ಮ್ಯಾಲೆ ಪುಡಿ, ಕೆಳಗ ಗಟ್ಟಿ. ಆದ್ರೂ ಓಡಸೂ ಮೊದಲ ಇಡೀ ಓಟದ ದಾರಿ ಕಾಲಲೆ ನಡದು ನೋಡ್ರಿ. ಒಡ್ಡು, ನೇಗಿಲ ಸಾಲು, ಹುಗದ ಕಲ್ಲು, ಹಳೇ ಪೈಪಿನ ಕಾಲುವಿ. ತಿರುವಿನ ಹೊರಮಗ್ಗಲಿಗೆ ಇವು ಇದ್ರ ಕೋನ್ ಸರಸ್ರಿ ಅಂತ ಆಯೋಜಕರಿಗೆ ಹೇಳ್ರಿ. ಸರಸೂದಿಲ್ಲ ಅಂದ್ರ ಎಂಟ್ರಿ ಫೀ ಹೋದ್ರೂ ಚಿಂತಿಲ್ಲ, ವಾಪಸ್ ಬರ್ರಿ. ಆ ದಾರಿ ಮುಂಜಾನಿ ಇದ್ದಂಗ ಮಧ್ಯಾಹ್ನ ಇರೂದಿಲ್ಲ ಅನ್ನೂದೂ ನೆನಪಿರಲಿ. ಮುಂದಿನ ಗಾಡಿಗಳು ಕೊರದ ಸಾಲು ನಿಮ್ಮ ಸರದಿ ಬರೂತನಕ ಆಳ ಆಗಿರತೈತಿ, ಊಟದ ಮ್ಯಾಲೆ ಇನ್ನೊಮ್ಮೆ ನಡೀರಿ. ಕಪ್ಪತಗುಡ್ಡದ ಕಡೆ ಮಣ್ಣಿನ ದಾರಿ ಚಂದ ಅದಾವಂತ ಅಲ್ಲಿ ಪ್ರಾಕ್ಟೀಸಿಗೆ ಹೋಗಬ್ಯಾಡ್ರಿ, ಅದು 2019ರಿಂದ ವನ್ಯಜೀವಿ ಧಾಮ.

"ಗೌರವ್ ಗಿಲ್ ಎಕ್ಸ್‌ಯುವಿ500 ಓಡಿಸಿ ದೇಶದ ರ್‍ಯಾಲಿ ಚಾಂಪಿಯನ್‌ಶಿಪ್ ಗೆದ್ದಾನಲ್ಲ ಕಾಕಾ?" ಅಂತಾರ. ಗೆದ್ದಾನ, 2019ರಾಗ ಅರ್ಜುನ ಪ್ರಶಸ್ತಿನೂ ಬಂತು, ಮೋಟರ್‌ಸ್ಪೋರ್ಟಿಗೆ ಅದ ಮೊದಲನೇದು. ಆ ಗಾಡಿ ಒಳಗ ಉರುಳಿದ್ರ ಕಾಯೋ ಪೈಪಿನ ರೋಲ್ ಕೇಜ್, ಬಕೆಟ್ ಸೀಟ್, ಹಾರ್ನೆಸ್, ಪೂರ್ತಿ ಬೇರೆ ಸಸ್ಪೆನ್ಶನ್ ಇತ್ತು, ಹಿಂದ ಕಂಪನಿಯ ಟೀಮ್ ಇತ್ತು. ಶೋರೂಮ್ ಗಾಡಿಗೂ ಅದಕ್ಕೂ ಬಾಡಿ ಆಕಾರ ಅಷ್ಟ ಒಂದು.

ಟಿಎಸ್‌ಡಿಗೆ ಬರೋಣು, ಶುರು ಮಾಡೋರಿಗೆ ನಾ ಹೇಳೂದು ಇದನ್ನ. ಇಲ್ಲಿ ಜೋರು ಓಡಿಸಿದವ ಗೆಲ್ಲೂದಿಲ್ಲ. ಆಯೋಜಕರು ರೋಡ್‌ಬುಕ್ ಕೊಡತಾರ, ಪ್ರತಿ ತಿರುವಿಗೆ ಒಂದು ಟುಲಿಪ್ ಚಿತ್ರ (ಬಾಣ ಹಾಕಿ ದಾರಿ ತೋರಸೋ ಸಣ್ಣ ನಕ್ಷೆ), ಪ್ರತಿ ತುಣುಕಿಗೆ ಒಂದು ಸರಾಸರಿ ವೇಗ. ಎಲ್ಲೋ ಒಂದು ಕಡೆ ಟೈಮ್ ನೋಡೋ ಕಂಟ್ರೋಲ್ ಇರತೈತಿ, ಅಲ್ಲಿಗೆ ಸೆಕೆಂಡ್ ಲೆಕ್ಕದಾಗ ಸರಿಯಾಗಿ ಮುಟ್ಟಬೇಕು. ಭಾಳ ಕಡೆ ತಡ ಆಗೂದಕ್ಕಿಂತ ಬೇಗ ಮುಟ್ಟಿದ್ದಕ್ಕ ದಂಡ ಹೆಚ್ಚು. ಲೆಕ್ಕ ಸರಳ: 3,600ನ್ನ ವೇಗದಿಂದ ಭಾಗಿಸಿದ್ರ ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡ್ ಅಂತ ಬರತೈತಿ. ವೇಗ 36 ಕೊಟ್ಟಿದ್ರ ಕಿಲೋಮೀಟರಿಗೆ 100 ಸೆಕೆಂಡ್. 18.6 ಕಿಲೋಮೀಟರ್ ಇದ್ರ 1,860 ಸೆಕೆಂಡ್, ಅಂದ್ರ 31 ನಿಮಿಷ. ನ್ಯಾವಿಗೇಟರ್ ಇದನ್ನ ಕಿಲೋಮೀಟರಿಗೊಮ್ಮೆ ಹೇಳ್ಕೋತ ಹೋಗಬೇಕು. ಗೆಳ್ಯಾ ಬ್ಯಾಡ, ಲೆಕ್ಕ ಬರೋ ಅಕ್ಕ-ತಂಗಿನ್ನ ಕೂಡಸ್ರಿ ಅಂತ ನಾ ಹೇಳೂದು ಚಾಷ್ಟಿಗಲ್ಲ. ಗೆಳ್ಯಾ ತಿರುವು ತಪ್ಪಿದ ಮ್ಯಾಲೆ ಹೇಳತಾನ.

ಎತ್ತರದ ಗಾಡಿ ಇಲ್ಲಿ ರಾಜಾ. ನೆಟ್ಟಗ ಕುಂತು ದೂರದ ತನಕ ನೋಡಬಹುದು, ನ್ಯಾವಿಗೇಟರಿಗೆ ತೊಡಿ ಮ್ಯಾಲೆ ಪುಸ್ತಕ ಇಟ್ಟು ಓದಾಕ ಜಾಗ ಐತಿ, ಹಳ್ಳಿ ರಸ್ತೇದ ಹಂಪ್, ಕೊರದ ದಾರಿ ಏನೂ ಅನಸೂದಿಲ್ಲ. ಎಕ್ಸ್‌ಟರ್ 185 ಮಿ.ಮೀ., ಬ್ರೆಝಾ 198 ಮಿ.ಮೀ. ನೆಲದಿಂದ ಮ್ಯಾಲೆ ಇರತಾವು. ಟ್ರಿಪ್ ಮೀಟರ್ ಮಾತ್ರ ಆಯೋಜಕರ ಅಳತಿಗೆ ಕೂಡಿಸ್ಕೋಬೇಕು: ಅವರ 10 ಕಿಲೋಮೀಟರಿಗೆ ನಿಮ್ಮ ಮೀಟರ್ 10.2 ತೋರಿಸಿದ್ರ ಮುಂದ ಎಲ್ಲಾ ಓದೂದನ್ನ 1.02ರಿಂದ ಭಾಗಿಸಬೇಕು. ಕಂಪನಿ ಸೈಜ್ ಬಿಟ್ಟು ಬೇರೆ ಟೈರ್ ಹಾಕಿದವರಿಗೆ ಈ ವ್ಯತ್ಯಾಸ ದೊಡ್ಡದಾಗತೈತಿ.

ಆಟೋಕ್ರಾಸ್‌ಗೆ ಗಾಡಿ ತಯಾರ ಮಾಡೂದು ಹಿಂಗ. ಮೊದಲ ಮ್ಯಾಲಿನ ಭಾರ ಇಳಸ್ರಿ: ಕ್ಯಾರಿಯರ್, ಲೈಟ್ ಬಾರ್, ರೂಫ್ ಬಾಕ್ಸ್. ಸನ್‌ರೂಫ್ ಇದ್ದ ಮಾಡೆಲ್ ಆಟಕ್ಕ ತಗೋಬ್ಯಾಡ್ರಿ. ಭಾರದ ಗಾಜು ತಲಿ ಮ್ಯಾಲೆ, ಎತ್ತರದ ಗಾಡಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಒಳಗಿಂದ ಸ್ಟೆಪ್ನಿ, ಜಾಕ್, ಮ್ಯಾಟ್, ವೂಫರ್, ನೀರಿನ ಬಾಟ್ಲಿ, ಡ್ಯಾಶ್‌ಬೋರ್ಡ್ ಮ್ಯಾಲಿನ ಗಣಪ್ಪ ಎಲ್ಲಾ ತಗೀರಿ. ಗಣಪ್ಪನ್ನ ಭಕ್ತಿಲೆ ತಗದು ಮನ್ಯಾಗ ಇಡ್ರಿ, ಬ್ರೇಕ್ ಹೊಡದಾಗ ಹಾರಿ ಬರೂದು ಬ್ಯಾಡ. ಬಾಟ್ಲಿ ಒಂದು ಪೆಡಲ್ ಕೆಳಗ ಉರುಳಿ ಬಂದ್ರ ಬ್ರೇಕ್ ಇಲ್ಲ ಅಂತ ತಿಳೀರಿ. ಸಿಎನ್‌ಜಿ ಗಾಡಿ ಇದ್ರ ಆಟೋಕ್ರಾಸ್ ಬಿಡ್ರಿ, ಟಿಎಸ್‌ಡಿಗೂ ಆಯೋಜಕರನ್ನ ಮೊದಲ ಕೇಳ್ರಿ.

ಟೈರ್ ಕಂಪನಿ ಸೈಜೇ ಇರಲಿ, ಹಲ್ಲು ಇರಲಿ. ಹವಾ ಬಗ್ಗೆ ಎಲ್ಲಾರೂ ಒಂದೊಂದು ಹೇಳತಾರ, ನೀವು ಚಾಕ್‌ಪೀಸನ್ನ ಕೇಳ್ರಿ. ಟೈರಿನ ಹಲ್ಲು ಮುಗದು ಮಗ್ಗಲಾ ಶುರು ಆಗೋ ಅಂಚಿಗೆ ಮೂರು ಕಡೆ ಅಡ್ಡಗೆರಿ ಎಳೀರಿ, ಒಂದು ಸುತ್ತು ಓಡಿಸಿ ಬರ್ರಿ. ಗೆರಿ ಮಗ್ಗಲಿನ ಕೆಳತನಕ ಅಳಿಸಿದ್ರ ಟೈರ್ ಮಡಚಾಕತ್ತೇತಿ, ಎರಡೆರಡು ಪಿಎಸ್‌ಐ ಏರಸ್ರಿ. ಅಂಚಿನ ತನಕ ಅಷ್ಟ ಅಳಿಸಿದ್ರ ಸರಿ ಐತಿ. 33 ಇದ್ದದ್ದು 36, 37ಕ್ಕ ಬಂದು ನಿಲ್ಲಬಹುದು. ಟೈರ್ ಮ್ಯಾಲೆ ಅಚ್ಚಾದ ಗರಿಷ್ಠ ದಾಟಬ್ಯಾಡ್ರಿ. ಪುಡಿಮಣ್ಣಾಗ ಹೆಚ್ಚು ಹವಾ ಹಾಕಿದ್ರ ಬ್ರೇಕ್ ಹಿಡಿಯೂದಿಲ್ಲ ಅನ್ನೂದೂ ಗೊತ್ತಿರಲಿ.

ಎತ್ತರ ಇಳಸಾಕ ಗ್ಯಾಸ್ ಹಚ್ಚಿ ಸ್ಪ್ರಿಂಗ್ ಕತ್ತರಸಾಕ ಬಂದವರನ್ನ ನಾನು ಶಾಪಿನಿಂದ ಹೊರಗ ಕಳಸತೀನಿ. ಕತ್ತರಿಸಿದ ಸ್ಪ್ರಿಂಗ್ ಗಾಡಿ ಎದ್ದಾಗ ತಾನು ಕುಂದ್ರೋ ಜಾಗದಿಂದ ಜಾರತೈತಿ, ಕುಂತಾಗ ಬಂಪ್ ಸ್ಟಾಪಿನ ರಬ್ಬರಿಗೆ ಬಡೀತೈತಿ, ಬಡದ ಕ್ಷಣಕ್ಕ ಆ ಮಗ್ಗಲಾ ಕಲ್ಲಿನಂಗ ಗಟ್ಟಿ ಆಗಿ ಗಾಡಿ ಎತ್ತಿ ಒಗೀತೈತಿ. ಕಾನೂನೂ ಬ್ಯಾರೆ ಐತಿ: ಕಂಪನಿ ಮಾಡಿ ಕೊಟ್ಟದ್ದಕ್ಕ ವಿರುದ್ಧ ಗಾಡಿ ಬದಲಸಬಾರದು ಅಂತ 2019ರಾಗ ಸುಪ್ರೀಂ ಕೋರ್ಟ್ ಹೇಳೇತಿ. ದುಡ್ಡು ಖರ್ಚ ಮಾಡೂದಿದ್ರ ಸವದ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಸೋರೋ ಶಾಕಪ್ಸರ್ ಬದಲಸ್ರಿ. ಹೊಸಾ ಬುಷ್ ಹಾಕಿದ ಹಳೇ ಇಕೋಸ್ಪೋರ್ಟ್ ಸ್ಟಿಯರಿಂಗ್ ಹಿಡದು ನೋಡ್ರಿ, ಗೊತ್ತಾಗತೈತಿ.

ಬ್ರೇಕ್ ಆಯಿಲ್ ಎರಡು ವರ್ಷ ಆಗಿದ್ರ ಬದಲಸ್ರಿ. ಅದು ಗಾಳಿಯಿಂದ ನೀರು ಹೀರತೈತಿ. ಹೊಸಾ ಡಾಟ್ 4 ಕುದಿಯಾಕ ಕಡಿಮಿ ಅಂದ್ರ 230 ಡಿಗ್ರಿ ಬೇಕು, ನೀರು ಹೀರಿದ್ದು ಭಾಳ ಮೊದಲ ಕುದ್ದು ಪೆಡಲ್ ಮೆತ್ತಗಾಗತೈತಿ. ಗಾಡಿ ಅಡ್ಡಾದಿಡ್ಡಿ ಜಾರದಂಗ ತಾನ ತಡಿಯೋ ಇಎಸ್‌ಪಿ ಬಂದ್ ಮಾಡಬ್ಯಾಡ್ರಿ. ಮಣ್ಣಾಗ ಅದು ಪವರ್ ಕಡಿತೈತಿ, ಸಿಟ್ಟು ಬರತೈತಿ, ಹೌದು. ಎತ್ತರದ ಗಾಡ್ಯಾಗ ಎರಡು ಸೆಕೆಂಡ್ ಹೋದ್ರ ಹೋಗಲಿ. ಡಾಂಬರಿನ ಮ್ಯಾಲೆ ಹ್ಯಾಂಡ್‌ಬ್ರೇಕ್ ಎಳದು ತಿರುಗೂದು ಸುತಾರಾಂ ಬ್ಯಾಡ. ಗೇರ್ ಮ್ಯಾನ್ಯುವಲ್ ಇರಲಿ, ಆಟ ಹೆಚ್ಚೂಕಡಿಮಿ ಎರಡನೇ ಗೇರಿನ್ಯಾಗ ನಡೀತೈತಿ. ತಾನ ಗೇರ್ ಹಾಕೋ ಎಎಮ್‌ಟಿ ತಿರುವಿನ ನಡುವ ಗೇರ್ ಬದಲಸಾಕ ಯೋಚನಿ ಮಾಡ್ಕೋತ ಕುಂದ್ರತೈತಿ. ಹೆಲ್ಮೆಟ್ ಹಾಕಿದ್ರೂ ತಲಿ ಚಾವಣಿಗೆ ಬಡಿಯೂದಿಲ್ಲ, ಡಬ್ಬಿ ಆಕಾರದ ದೊಡ್ಡ ಪುಣ್ಯ ಅದು.

ಯಾವ ಗಾಡಿ ಅಂತ ಕೇಳಿದ್ರ ನನ್ನ ಮತ ಇಗ್ನಿಸ್: 1,595 ಮಿ.ಮೀ. ಎತ್ತರ, ಇದ್ದದ್ದರಾಗ ಹಗೂರ. ಆಮ್ಯಾಲೆ ಪಂಚ್, ಎಕ್ಸ್‌ಟರ್. ಬ್ರೆಝಾ 1,685 ಮಿ.ಮೀ. ಎತ್ತರ, 103 ಪಿಎಸ್ ಐತಿ ಅಂತ ಹುರುಪು ಮಾಡಬ್ಯಾಡ್ರಿ, ಅದು ಟಿಎಸ್‌ಡಿ ಗಾಡಿ. ಜಿಮ್ನಿ ಕೆಸರಿಗೆ, ಗುಡ್ಡಕ್ಕ ಹೇಳಿ ಮಾಡಿಸಿದ್ದು. 1,645 ಅಗಲಕ್ಕ 1,720 ಎತ್ತರ ಇರೋದನ್ನ ಕೋನ್ ನಡುವ ಹೊರಳಸಬ್ಯಾಡ್ರಿ.

ಕಾಗದ ಪತ್ರ. ನಿಮ್ಮ ಇನ್ಶೂರೆನ್ಸ್ ಪಾಲಿಸ್ಯಾಗ ಬಳಕೆಯ ಮಿತಿ ಅಂತ ಒಂದು ಸಾಲಿರತೈತಿ, ಅದರಾಗ ರೇಸಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಎಲ್ಲಾ ಹೊರಗ ಇಟ್ಟಿರತಾರ. ಟಿಎಸ್‌ಡಿಗೂ ಹೋಗೂ ಮೊದಲ ಏಜೆಂಟನ್ನ ಬಿಟ್ಟು ನೇರ ಕಂಪನಿಗೆ ಬರದು ಕೇಳ್ರಿ. ಆಟ ದೇಶದ ಮೋಟರ್‌ಸ್ಪೋರ್ಟ್ ಒಕ್ಕೂಟ ಎಫ್‌ಎಂಎಸ್‌ಸಿಐ ಅನುಮತಿದು ಹೌದೋ ಅಲ್ಲೋ, ಲೈಸೆನ್ಸ್ ಬೇಕೋ, ಹೆಲ್ಮೆಟ್ ಎಂಥಾದು ಬೇಕೋ, ಆಂಬುಲೆನ್ಸ್ ಎಲ್ಲಿ ನಿಲ್ಲತೈತಿ, ಇವೆಲ್ಲಾ ಆಟದ ನಿಯಮಾವಳ್ಯಾಗ ಇರಬೇಕು. ನಿಯಮಾವಳಿ ಇಲ್ಲದ ಆಟಕ್ಕ ಹೋಗಬ್ಯಾಡ್ರಿ. ಬೈಪಾಸಿನ್ಯಾಗ ರಾತ್ರಿ ಪ್ರಾಕ್ಟೀಸ್ ಮಾಡೋ ಹುಡುಗ್ರಿಗೆ: ಮೋಟರು ವಾಹನ ಕಾಯ್ದೆ 189ನೇ ಕಲಮು, ಮೊದಲ ಸಲ ಮೂರು ತಿಂಗಳ ತನಕ ಜೈಲು ಇಲ್ಲಾ 5,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ.

ಆಟ ಮುಗದ ಮ್ಯಾಲೆ ಗಾಡಿ ನೇರ ಮನಿಗೆ ಒಯ್ಯಬ್ಯಾಡ್ರಿ. ಹವಾ ಮೊದಲಿನ ಅಳತಿಗೆ ತರ್ರಿ, ಗಾಲಿ ಬೋಲ್ಟ್ ಇನ್ನೊಮ್ಮೆ ಟಾರ್ಕ್ ಮಾಡ್ರಿ, ರಿಮ್ ಒಳಗಿನ ಮಣ್ಣು ತಗೀರಿ. ಅದು ಒಣಗಿದ್ರ 80ರ ಸ್ಪೀಡಿಗೆ ಸ್ಟಿಯರಿಂಗ್ ನಡಗತೈತಿ, ನೀವು ಬ್ಯಾಲೆನ್ಸಿಂಗ್ ಹೋಗೇತಿ ಅಂತ ನನ್ನ ಕಡೆ ಬರತೀರಿ. ಏರ್ ಫಿಲ್ಟರ್ ಬಿಚ್ಚಿ ಝಾಡಸ್ರಿ, ಕೆಂಪಗಾಗಿದ್ರ ಹೊಸಾದು ಹಾಕ್ರಿ. ಸ್ಟೆಪ್ನಿ ವಾಪಸ್ ಇಡೂದು ಮರೀಬ್ಯಾಡ್ರಿ. ಆಟ ಆಗಿ ಒಂದು ವಾರದ ಒಳಗ ಅಲೈನ್‌ಮೆಂಟ್ ನೋಡಿಸ್ರಿ, ನನ್ನ ಕಡೆನ ಬರಬೇಕಂತಿಲ್ಲ, ಆದ್ರ ಟೋ (ಗಾಲಿ ಒಳಗ ಇಲ್ಲಾ ಹೊರಗ ತಿರುಗಿದ ಅಳತಿ) ಎಷ್ಟು ಸರದೈತಿ ಅನ್ನೋ ಪ್ರಿಂಟ್ ಕೇಳಿ ತಗೊಂಡು ಇಟ್ಕೊಳ್ರಿ. ಮುಂದಿನ ಆಟದ ಮ್ಯಾಲೆ ಮತ್ತ ಅದ ಮಗ್ಗಲಾ ಸರದಿದ್ರ ಬುಷ್ ಹೋಗಾಕತ್ತೇತಿ ಅಂತ ತಿಳೀಬೇಕು.